ಮಳೆಗಾಲದಲ್ಲಿ ಅಯಾನುಗಳ ಚಲನಶಕ್ತಿ ಅಳೆಯುವುದು

ಮಾಸ್ ಸ್ಪೆಕ್ಟ್ರೋಮೀಟರಿನ (ಅಯಾನುಗಳನ್ನು, ಅಂದರೆ ಆವೇಶ ಹೊತ್ತ ಪರಮಾಣು, ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರದ) ಅಯಾನು ಮೂಲದಿಂದ ಹೊರಬೀಳುವ ಧನ ಅಯಾನುಗಳಿಗೆ ಅಡ್ಡಲಾಗಿ ಜಾಲರಿ ಇಟ್ಟು, ಅದಕ್ಕೆ ಧನ ವೋಲ್ಟೇಜ್ ಏರಿಸುತ್ತ ಹೋಗಿ. ಒಂದು ಆವೇಶದ ಅಯಾನು 10 ವೋಲ್ಟಿಗೆ ನಿಂತರೆ ಅದರ ಶಕ್ತಿ 10 ಎಲೆಕ್ಟ್ರಾನ್ ವೋಲ್ಟ್. ಆರ್ಗಾನ್ ಆದರೆ ವೇಗ ಸೆಕೆಂಡಿಗೆ ಸುಮಾರು 6.9 ಕಿ.ಮೀ. ಎರಡು ಆವೇಶದ್ದು ಅದೇ 10 ವೋಲ್ಟಿಗೆ ನಿಂತರೆ ಶಕ್ತಿ 20.

ನಿಕ್ಕಲ್ ಜಾಲರಿ ನಾಲ್ಕು ಬೇಕು. ಮೊದಲನೆಯದಕ್ಕೆ ಅರ್ತ್. ಎರಡು, ಮೂರನೆಯದನ್ನು ಒಟ್ಟಿಗೆ ಸೇರಿಸಿ ತಡೆ ವೋಲ್ಟೇಜ್ ಕೊಡಿ; ಒಂದೇ ಜಾಲರಿಯಾದರೆ ಅದರ ತೂತುಗಳ ನಡುವೆ ವೋಲ್ಟೇಜ್ ತಗ್ಗಿ ಅಯಾನುಗಳು ನುಸುಳುತ್ತವೆ. ನಾಲ್ಕನೆಯದಕ್ಕೆ ಋಣ 30 ವೋಲ್ಟ್, ಅಯಾನುಗಳನ್ನು ಹಿಡಿದು ಕರೆಂಟ್ ಕೊಡುವ ಕೊನೆಯ ತಟ್ಟೆಯಾದ ಕಲೆಕ್ಟರಿನಿಂದ ಚಿಮ್ಮುವ ಎಲೆಕ್ಟ್ರಾನುಗಳನ್ನು ವಾಪಸ್ ಅಟ್ಟಲು. ಪ್ರತಿ ಜಾಲರಿ ಶೇ. 90 ಅಯಾನುಗಳನ್ನು ಬಿಟ್ಟರೂ ಕೊನೆಗೆ ಉಳಿಯುವುದು ಶೇ. 66. ಒತ್ತಡ 10⁻⁵ ಮಿಲಿಬಾರಿಗಿಂತ ಕಡಿಮೆ ಇರಲಿ.

ಮೂಲವನ್ನು 10 ವೋಲ್ಟಿನಲ್ಲಿಟ್ಟು, ತಡೆ ವೋಲ್ಟೇಜನ್ನು 0ಯಿಂದ 15ರವರೆಗೆ 0.1ರ ಹೆಜ್ಜೆಯಲ್ಲಿ ಏರಿಸಿ. ಪ್ರತಿ ಹೆಜ್ಜೆಗೂ ಒಂದು ಸೆಕೆಂಡ್ ಕಾದು ಕರೆಂಟ್ ಬರೆದುಕೊಳ್ಳಿ. ಆಮೇಲೆ ಇಳಿಸುತ್ತಲೂ ಅಳೆಯಿರಿ. ಕರೆಂಟ್ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದನ್ನು ವೋಲ್ಟೇಜಿಗೆ ಎದುರಾಗಿ ಎಳೆದರೆ ಸಿಗುವ ಶಿಖರವೇ ಶಕ್ತಿಯ ಹಂಚಿಕೆ. ಏರಿಕೆಯಲ್ಲೊಂದು, ಇಳಿಕೆಯಲ್ಲೊಂದು ಜಾಗದಲ್ಲಿ ಶಿಖರ ಬಂತೆಂದರೆ ಕಾದದ್ದು ಸಾಲದು, ಇಲ್ಲವೇ ಜಾಲರಿಗೆ ಪಂಪಿನ ಎಣ್ಣೆ ಹತ್ತಿ ಆವೇಶ ಕೂತಿದೆ.

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಕಡೆಯವರೆಗೆ ಆರಿದ್ರ ಮಳೆ ಹಿಡಿದ ಮೇಲೆ ಶುರುವಾಗುವ ತಂಟೆ ಬೇರೆ. ತಂತಿಯನ್ನು ನಿರ್ವಾತ ಚೇಂಬರಿನ ಒಳಕ್ಕೆ ಒಯ್ಯುವ ಫೀಡ್‌ಥ್ರೂವಿನ ಹೊರಗಿನ ಸೆರಾಮಿಕ್ ಮೇಲೆ ತೇವ ಕೂತು ರೋಧ 10 ಗಿಗಾ ಓಮಿಗೆ ಇಳಿದರೆ, 10 ವೋಲ್ಟಿಗೆ 1 ನ್ಯಾನೋ ಆಂಪಿಯರ್ ಸೋರುತ್ತದೆ. ನೀವು ಅಳೆಯುತ್ತಿರುವುದೋ ಬರೇ 10 ಪಿಕೋ! ಮೂಲದಲ್ಲಿ ಎಲೆಕ್ಟ್ರಾನ್ ಹೊರಸೂಸಿ ಅಯಾನು ಹುಟ್ಟಿಸುವ ಬಿಸಿ ತಂತಿಯನ್ನು, ಅಂದರೆ ಫಿಲಮೆಂಟನ್ನು, ಆರಿಸಿ ಒಂದು ಸುತ್ತು ಓಡಿಸಿ. ಆಗಲೂ ಗೆರೆ ಓರೆಯಾಗಿದ್ದರೆ ಅದು ಸೋರಿಕೆ. ಲೆಕ್ಕದಲ್ಲಿ ಕಳೆಯಲು ಹೋಗಬೇಡಿ, ತೇವ ಗಳಿಗೆಗೊಂದು ಥರ ಇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಿಸಿಗಾಳಿ ಕೊಟ್ಟು, ಸುತ್ತ ಡಬ್ಬಿ ಮುಚ್ಚಿ ಸಿಲಿಕಾ ಜೆಲ್ ಇಡಿ. ಕಲೆಕ್ಟರ್ ತಂತಿಗೂ ತಡೆ ಜಾಲರಿಯ ತಂತಿಗೂ ಬೇರೆ ಬೇರೆ ಫೀಡ್‌ಥ್ರೂ ಇದ್ದರೆ ಅರ್ಧ ತಲೆನೋವು ಕಡಿಮೆ. ಚೇಂಬರ್ ತೆರೆಯುವಾಗ ಒಳಗೆ ಬಿಡಬೇಕಾದದ್ದು ಒಣ ನೈಟ್ರೋಜನ್, ಕೋಣೆಯ ಗಾಳಿಯಲ್ಲ.

ಶಿಖರ 10ರ ಬದಲು 9.4ರಲ್ಲಿ ಬಂದರೆ ಗಾಬರಿ ಬೇಡ. ಮೂಲವನ್ನು 12 ವೋಲ್ಟಿಗೆ ಏರಿಸಿ. ಶಿಖರ ಸರಿಯಾಗಿ 2 ವೋಲ್ಟ್ ಸರಿದರೆ ಅಳತೆಪಟ್ಟಿ ನಂಬಬಹುದು. ಉಳಿದ ವ್ಯತ್ಯಾಸ ಲೋಹಗಳ ಸಂಪರ್ಕ ವಿಭವದ್ದಿರಬಹುದು (ಬೇರೆ ಬೇರೆ ಲೋಹ ಸೇರಿದಾಗ ತಾನಾಗಿ ಬರುವ ಸಣ್ಣ ವೋಲ್ಟೇಜ್), ಎಲೆಕ್ಟ್ರಾನ್ ಕಿರಣದ ಆವೇಶದ್ದೂ ಇರಬಹುದು. ಎಮಿಷನ್, ಅಂದರೆ ಫಿಲಮೆಂಟಿನ ಎಲೆಕ್ಟ್ರಾನ್ ಕರೆಂಟನ್ನು, 1 ಮಿಲಿ ಆಂಪಿಯರಿನಿಂದ 0.1ಕ್ಕೆ ಇಳಿಸಿದಾಗ ಶಿಖರ ಮೇಲಕ್ಕೆ ಜರುಗಿದರೆ ಎರಡನೆಯದು. ಇನ್ನೊಂದು, ಚಪ್ಪಟೆ ಜಾಲರಿ ನೇರ ದಿಕ್ಕಿನ ಶಕ್ತಿಯನ್ನಷ್ಟೇ ಕಾಣುತ್ತದೆ: 10 ಡಿಗ್ರಿ ಓರೆಯಾಗಿ ಬಂದ 10 ಎಲೆಕ್ಟ್ರಾನ್ ವೋಲ್ಟಿನ ಅಯಾನು 9.7ಕ್ಕೇ ನಿಲ್ಲುತ್ತದೆ. ಕಿರಣ ಹರಡಿದಷ್ಟೂ ಶಿಖರದ ಎಡ ಬದಿ ಬಾಲ ಬೆಳೆಯುತ್ತದೆ. ಮುಂದೆ ಸಣ್ಣ ರಂಧ್ರದ ತಟ್ಟೆ ಇಟ್ಟು ಅದನ್ನು ಕತ್ತರಿಸಿ, ಕರೆಂಟ್ ಕಡಿಮೆಯಾದರೂ ಪರವಾಗಿಲ್ಲ.