ಕಳೆದುಹೋದ ಐದೂವರೆ ತಾಸು

ರಾಯಚೂರಿನ 8 ಜಿನ್ನಿಂಗ್ ಮಿಲ್ಲುಗಳ ಕಾಟಾ ಲೆಕ್ಕ, ಅಂದರೆ ಲಾರಿ ತೂಕದ ಲೆಕ್ಕ, ನನ್ನ ಡೇಟಾಬೇಸ್ ಕ್ಲಿಕ್‌ಹೌಸ್‌ನಲ್ಲಿದೆ. ಹತ್ತಿ ಸೀಸನ್‌ನಲ್ಲಿ ರಾತ್ರಿಯಿಡೀ ಲಾರಿ ಸಾಲು. ಹೋದ ಸೀಸನ್‌ನಲ್ಲಿ ಒಬ್ಬ ಮುನೀಮರು ವಹಿ ತಂದು ಟೇಬಲ್ ಮೇಲೆ ಇಟ್ಟರು. "ನೋಡ್ರಿ, ನಿಮ್ಮ ಕಂಪ್ಯೂಟರ್ ಸೋಮವಾರ 14 ಲಾರಿ ಜಾಸ್ತಿ ತೋರಿಸ್ತೈತಿ. ಮಂಗಳವಾರ ಹೆಚ್ಚುಕಮ್ಮಿ ಅಷ್ಟೇ ಲಾರಿ ಕಡಿಮೆ. ಇದಕ್ಕಿಂತ ನನ್ನ ವಹಿ ಚಲೋ." ತಿಂಗಳ ಮೊತ್ತ ಸುಮಾರಾಗಿ ಹೊಂದುತ್ತಿತ್ತು. ಅದಕ್ಕೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೆಂಗಳೂರಿನ ಗೆಳೆಯ ರ‍್ಯಾಮ್ ಹಾಕಿಸು ಅಂದ. 12 ಸಾವಿರ ಹೋಯಿತು. ತಪ್ಪು ಲೆಕ್ಕ ಮೊದಲಿಗಿಂತ ಬೇಗ ಬರತೊಡಗಿತು, ಅಷ್ಟೇ. ಇದೆಲ್ಲ ಬಿಟ್ಟು ತಿಂಗಳಿಗೆ 20 ಸಾವಿರ ಬಾಡಿಗೆಯ ಕ್ಲೌಡ್‌ಗೆ ಹೋಗು ಅಂದ. ಮಿಲ್ಲಿನವರು ಬಿಲ್ಲು ತಡೆದಿದ್ದರು, ಎಲ್ಲಿಂದ ತರಲಿ?

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಡೇಟಾವನ್ನು ದಿನಕ್ಕೊಂದು ಪಾರ್ಟಿಷನ್ ಅಂತ ಭಾಗ ಮಾಡಿ ಇಟ್ಟಿದ್ದೆ; ಭಾಗ ಮಾಡುವ ಆ ಪಾರ್ಟಿಷನ್ ಕೀಗೆ ದಿನದ ಜೊತೆ ಮಿಲ್ಲನ್ನೂ ಸೇರಿಸಿದೆ. 15 ದಿನದ ಡೇಟಾ ಒಟ್ಟಿಗೆ ಹಾಕಿದರೆ ಒಂದು ಬ್ಲಾಕ್‌ಗೆ (ಒಮ್ಮೆಗೆ ಹಾಕುವ ಡೇಟಾ ಕಂತಿಗೆ) 100 ಪಾರ್ಟಿಷನ್ ಮಿತಿ ದಾಟಿ ಡೇಟಾ ತುಂಬುವುದೇ ನಿಂತಿತು. ಎರಡು ರಾತ್ರಿ ದಂಡ.

ಕೊನೆಗೆ ಹೆಚ್ಚಾದ 14 ಲಾರಿಗಳ ಚೀಟಿ ತೆಗೆದು ನೋಡಿದೆ. ಎಲ್ಲವೂ ನಸುಕಿನ 5.30ರೊಳಗೆ ತೂಗಿದವು! ಕಾಟಾ ಸಾಫ್ಟ್‌ವೇರ್ ಸಮಯವನ್ನು ಬರೀ ಸೆಕೆಂಡುಗಳ ಎಣಿಕೆಯಾಗಿ (ಯುನಿಕ್ಸ್ ಸೆಕೆಂಡ್) ಕಳಿಸುತ್ತದೆ, ಸರ್ವರ್ ಇರುವುದು ನಮಗಿಂತ ಐದೂವರೆ ತಾಸು ಹಿಂದಿರುವ ಯುಟಿಸಿ ಸಮಯದಲ್ಲಿ, ಕಾಲಂಗೆ ನಾನು ಟೈಮ್‌ಝೋನ್ ಕೊಟ್ಟಿರಲಿಲ್ಲ. ಹಾಗಾಗಿ ನಸುಕಿನ ಲಾರಿಗಳು ಹಿಂದಿನ ದಿನದ ಪಾರ್ಟಿಷನ್‌ಗೆ ಬೀಳುತ್ತಿದ್ದವು. ರಿಪೋರ್ಟ್‌ನಲ್ಲಿ ಮಾತ್ರ ಭಾರತದ ಸಮಯ (ಐಎಸ್‌ಟಿ) ಇತ್ತು, ಮೇಲ್ನೋಟಕ್ಕೆ ಎಲ್ಲ ಸರಿ. ಆದರೆ ಒಂದು ಚೀಟಿ ತಿದ್ದಿದರೂ ಇಡೀ ದಿನದ ಫೈಲ್ ಮತ್ತೆ ಬರುತ್ತದೆ. ಆಗ ಆ ದಿನದ ಹಳೆಯ ಪಾರ್ಟಿಷನ್ ಅಳಿಸಿ (ಡ್ರಾಪ್ ಮಾಡಿ) ಫೈಲ್ ಮತ್ತೆ ತುಂಬುತ್ತಿದ್ದೆ. ಸೋಮವಾರದ ಪಾರ್ಟಿಷನ್ ಡ್ರಾಪ್ ಮಾಡಿದರೆ ಮಂಗಳವಾರ ನಸುಕಿನ ಲಾರಿಗಳೂ ಅದರ ಜೊತೆ ಹೋಗುತ್ತಿದ್ದವು. ಮತ್ತೆ ತುಂಬಿದರೆ ಸೋಮವಾರ ನಸುಕಿನವು ಭಾನುವಾರದ ಪಾರ್ಟಿಷನ್‌ನಲ್ಲಿ ಎರಡನೇ ಸಲ ಕೂರುತ್ತಿದ್ದವು. ತಪ್ಪು ಕ್ಲಿಕ್‌ಹೌಸ್‌ದಲ್ಲ, ನನ್ನದೇ.

ಇದ್ದ ಟೇಬಲ್‌ನ ಪಾರ್ಟಿಷನ್ ಕೀ ಬದಲಿಸಲು ಬರಲ್ಲ, ಗೊತ್ತಲ್ವಾ. ಕಾಲಂಗೆ ಏಷ್ಯಾ/ಕೋಲ್ಕತಾ ಕೊಟ್ಟು ಹೊಸ ಟೇಬಲ್ ಮಾಡಿದೆ. ಎರಡು ವರ್ಷದ ಮೂಲ ಫೈಲ್‌ಗಳನ್ನು ತಿಂಗಳು ತಿಂಗಳಾಗಿ ತುಂಬಿದೆ. ಡ್ರಾಪ್ ಬಿಟ್ಟೆ. ಈಗ ಫೈಲ್ ಮೊದಲು ಅದೇ ರಚನೆಯ ಇನ್ನೊಂದು ಟೇಬಲ್‌ಗೆ ಹೋಗುತ್ತದೆ, ಆಮೇಲೆ ರಿಪ್ಲೇಸ್ ಪಾರ್ಟಿಷನ್. ಹಳೆಯದು ಹೋಗಿ ಹೊಸದು ಒಂದೇ ಏಟಿಗೆ ಕೂರುತ್ತದೆ. ಶಕ್ತಿನಗರದಲ್ಲಿ ಕರೆಂಟು ಹುಟ್ಟಿದರೂ ನಮ್ಮ ಓಣಿಯಲ್ಲಿ ನಿಲ್ಲಲ್ಲ, ಅರ್ಧ ತುಂಬಿದಾಗ ಹೋದರೂ ಈಗ ಚಿಂತೆಯಿಲ್ಲ.

ಸುಮಾರು 20 ದಿನದ ಮೂಲ ಫೈಲ್ ಅಳಿಸಿಹೋಗಿತ್ತು. ಅವನ್ನು ಹೇಗೆ ಕೂಡಿಸಿದೆ ಅನ್ನುವುದನ್ನು ಹೇಳಲ್ಲ, ಹೊಟ್ಟೆಪಾಡು.

ಮುನೀಮರು 40 ದಿನದ ವಹಿ ತಾಳೆ ನೋಡಿದರು. ಒಂದು ಲಾರಿ ಮಾತ್ರ ಹೊಂದಲಿಲ್ಲ, ಉಳಿದದ್ದೆಲ್ಲ ಸರಿ. ಪುಟ ತಿರುವಿದರೆ ಅದನ್ನು ಅವರೇ ಎರಡು ಸಲ ಬರೆದಿದ್ದರು. ನಾನು ಬಾಯಿ ಬಿಡಲಿಲ್ಲ. ಮರುದಿನ ಮೂರು ತಿಂಗಳ ಬಾಕಿ ಬಿಲ್ಲು ಬಂತು.