ಅರ್ಧ ಕಿಲೋ ತೊಗರಿ

ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತನಾಗಿ ನಾನು ಹನ್ನೊಂದು ವರ್ಷ ದುಡಿದೆ. ತೊಗರಿ ಸುಗ್ಗಿಯಲ್ಲಿ ಕಾಟಾದ ಪಕ್ಕ ಕುಳಿತು ತೂಕ ಬರೆಯುವುದು ನನ್ನ ಕೆಲಸ. ಮೊದಲ ಸಲ ಆದದ್ದು ನಿಜವಾಗಿಯೂ ಕಣ್ತಪ್ಪು: ಆಳಂದ ಕಡೆಯ ರೈತರೊಬ್ಬರ ಇಪ್ಪತ್ತು ಚೀಲಗಳಿಗೆ ತಲಾ ಅರ್ಧ ಕಿಲೋ ಕಡಿಮೆ ಬರೆದಿದ್ದೆ. ರಾತ್ರಿ ಲೆಕ್ಕ ಹೊಂದಿಸುವಾಗ ಹತ್ತು ಕಿಲೋ ಹೆಚ್ಚು ಉಳಿದದ್ದು ತಿಳಿಯಿತು. ಆ ರೈತರು ಅಂಗಡಿಯ ಕಟ್ಟೆಯ ಮೇಲೆಯೇ ಕಂಬಳಿ ಹೊದ್ದು ಮಲಗಿದ್ದರು. ಎಬ್ಬಿಸಿ ಹೇಳಬಹುದಿತ್ತು, ಹೇಳಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವರ್ಷ ಬೇಕೆಂದೇ ಹಾಗೆ ಬರೆದ ರಾತ್ರಿ ನಿದ್ದೆ ಬಂತು. ತಡೆಯದೆ ಬಿಟ್ಟ ಪಾಪದ ಅಪಾಯ ಇಲ್ಲಿಯೇ ಇದೆ ಎಂದು ಈಗ ನನಗೆ ಅನ್ನಿಸುತ್ತದೆ: ಅದು ಒಳಗಿನ ನೋವನ್ನೇ ಮೊದಲು ಕೊಲ್ಲುತ್ತದೆ. ಕಳವು ಎಂಬ ಮಾತು ಮನಸ್ಸಿಗೆ ಬಾರದಂತೆ ಅದಕ್ಕೆ ‘ಕಸ, ಧೂಳಿನ ಲೆಕ್ಕ’ ಎಂದು ನಾನೇ ಹೆಸರಿಟ್ಟುಕೊಂಡೆ.

ನಾಲ್ಕನೆಯ ಸುಗ್ಗಿಯಲ್ಲಿ, ಉಳಿದ ತೊಗರಿಯನ್ನು ಹೊರಗೆ ಮಾರುವ ಆತುರದಲ್ಲಿ ನನ್ನ ಲೆಕ್ಕ ತಪ್ಪಿ, ಮಾಲಿನಲ್ಲಿಯೇ ಎರಡು ಚೀಲ ಕಡಿಮೆ ಬಿದ್ದವು. ಸಾಹುಕಾರರು ಒಬ್ಬ ಹಮಾಲನ ಮೇಲೆ ಸಂಶಯಪಟ್ಟು ಅವನನ್ನು ಕೆಲಸದಿಂದ ಬಿಡಿಸಿದರು. ನಾನು ಬಾಯಿ ಬಿಡಲಿಲ್ಲ. ಅವನು ಹೆಗಲ ಮೇಲಿನ ಗೋಣಿಯನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದದ್ದು ಇಂದಿಗೂ ಕಣ್ಣ ಮುಂದಿದೆ.

ಮುಂದಿನ ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ಬೈಬಲಿನ ಅರಸನಾದ ದಾವೀದನ ವಿಷಯವಾಗಿ ಪ್ರಸಂಗವಿತ್ತು. ಮಾಳಿಗೆಯ ಮೇಲಿನಿಂದ ತನ್ನ ಸೈನಿಕ ಊರೀಯನ ಹೆಂಡತಿಯ ಮೇಲೆ ಬಿದ್ದ ಒಂದು ನೋಟದಿಂದ ಆರಂಭವಾದದ್ದು, ಊರೀಯನ ಸಾವಿನ ಆಜ್ಞೆಯನ್ನು ಊರೀಯನ ಕೈಯಲ್ಲಿಯೇ ಕಳುಹಿಸುವವರೆಗೆ ಬೆಳೆದ ಕಥೆ ಅದು. ಬಡವನ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ಸಾಮ್ಯದ ಕಥೆಯನ್ನು ಪ್ರವಾದಿ ನಾತಾನನು ಹೇಳಿದಾಗ ದಾವೀದನು ಕೋಪಗೊಂಡದ್ದು ಬೇರೆಯವನ ಪಾಪದ ಮೇಲೆ. ಹಮಾಲನ ಬಗ್ಗೆ ಅಂಗಡಿಯಲ್ಲಿ ಮಾತಾಡುವಾಗ ನಾನೂ ಹಾಗೆಯೇ ತಲೆಯಾಡಿಸಿದ್ದೆ.

ಕೆಲವು ವಾರ ಪ್ರಾರ್ಥನೆಯಲ್ಲಿ ಅತ್ತೆ. ಆ ಕಣ್ಣೀರಿನಲ್ಲಿ ಸಿಕ್ಕಿಬೀಳುವ ಭಯವೇ ಹೆಚ್ಚಾಗಿತ್ತು ಎಂಬುದನ್ನು ನಮ್ಮ ಸಭಾಪಾಲಕರು ಗುರುತಿಸಿದರು. ಪಶ್ಚಾತ್ತಾಪಕ್ಕೆ ಬೈಬಲಿನ ಇಬ್ರಿಯ (ಹೀಬ್ರೂ) ಪ್ರವಾದಿಗಳು ಬಳಸಿದ ಮಾತಿನ ಅರ್ಥ ‘ತಿರುಗಿ ಬರುವುದು’ ಎಂದು ತಿಳಿಸಿ, “ನೀ ಇನ್ನಾ ತಿರುಗಿಲ್ಲ ತಮ್ಮಾ, ಹೆಸರು ಬರಿ” ಎಂದರು. ಹಳೆಯ ವಹಿಗಳನ್ನು ತೆಗೆದು ಮೂವತ್ತೊಂದು ಹೆಸರು ಬರೆದೆ. ಬೈಬಲಿನಲ್ಲಿರುವ ಮೋಶೆಯ ಧರ್ಮಶಾಸ್ತ್ರವು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕೆಂದು ಹೇಳುತ್ತದೆ. ಆ ಲೆಕ್ಕವನ್ನೇ ಹಿಡಿದೆ. ಆದರೆ ಕ್ಷಮೆಯನ್ನು ದುಡ್ಡು ಕೊಟ್ಟು ಕೊಳ್ಳಲಿಲ್ಲ. ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಹಿಂದೆ ಕೊಡುತ್ತೇನೆಂದು ಹೇಳುವ ಮೊದಲೇ ಯೇಸು ಅವನನ್ನು ಹೆಸರು ಹಿಡಿದು ಕರೆದಿದ್ದನು. ನನಗೆ ಧೈರ್ಯ ಬಂದದ್ದು ಆ ಕ್ರಮದಿಂದಲೇ.

ಮೊದಲು ಸಾಹುಕಾರರಿಗೆ ಹೇಳಿ ಕೆಲಸ ಕಳೆದುಕೊಂಡೆ. ಹಮಾಲನನ್ನು ಅವರು ತಿರುಗಿ ಕರೆಸಿದರು. ಅವನು ಬಂದನು, ಆದರೆ ಇವತ್ತಿಗೂ ನನ್ನೊಂದಿಗೆ ಮಾತಾಡುವುದಿಲ್ಲ, ಅದು ಅವನ ಹಕ್ಕು. ಆಳಂದ ಕಡೆಯ ಆ ರೈತರ ಹೊಲಕ್ಕೆ ಹೋದಾಗ ಅವರು ನೆಟೆ ರೋಗ ಹತ್ತಿದ ತೊಗರಿ ಗಿಡಗಳನ್ನು ಕೀಳುತ್ತಿದ್ದರು. ಒಂದು ಕಾಂಡವನ್ನು ಸೀಳಿ ಒಳಗಿನ ಕಪ್ಪು ಗೆರೆಯನ್ನು ನೋಡುತ್ತ ನನ್ನ ಮಾತನ್ನೆಲ್ಲ ಕೇಳಿದರು. ದುಡ್ಡನ್ನು ಎರಡು ಸಲ ಎಣಿಸಿ, “ಆ ವರ್ಷ ನನ್ನ ಮಗಳ ಮದುವಿ ಇತ್ತು ನೋಡ್ರಿ” ಎಂದರು. ಆಮೇಲೆ ಕುಡಿಯಲು ನೀರು ಕೊಟ್ಟರು.

ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರುಗಳಿವೆ. ಜೇವರ್ಗಿ ಕಡೆಯ ಇಬ್ಬರು ಈ ಸುಗ್ಗಿಗೆ ಗಂಜ್‌ಗೆ ಬರುತ್ತಾರೆಂದು ತಿಳಿದಿದೆ.