ಮೇಲೆ ಹೋಗಿ, ಹಡಗಿನ ಕಡೆ ಇಳಿಯುತ್ತಾ: ಮೆಡಿಟರೇನಿಯನ್ ಬಂದರುಗಳಲ್ಲಿ ಅಮ್ಮನ ಜೊತೆ

ಕ್ರೂಸ್ ಹೋಗಿ ಬಂದೆವು ಅಂದ ತಕ್ಷಣ ಎಲ್ಲರೂ ಕೇಳುವುದು ಹಡಗಿನ ಬಗ್ಗೆ. ಈಜುಕೊಳ ಎಷ್ಟು ದೊಡ್ಡದು, ಊಟ ಹೇಗಿತ್ತು, ರಾತ್ರಿ ಶೋ ಇತ್ತಾ ಅಂತ. ನನಗೆ ಹೇಳಬೇಕು ಅನಿಸುವುದು ಹಡಗು ನಿಂತ ಊರುಗಳ ಬಗ್ಗೆ. ಸ್ಪೇನ್‌ನ ಬಾರ್ಸಿಲೋನಾದಲ್ಲಿ ಹತ್ತಿ, ಫ್ರಾನ್ಸಿನ ಮಾರ್ಸೇ, ಇಟಲಿಯ ಜೆನೋವಾ, ಚಿವಿತಾವೆಕ್ಕಿಯಾ, ಪಲೆರ್ಮೊ, ಮಾಲ್ಟಾದ ವಲೆಟ್ಟಾ ನೋಡಿ ಮತ್ತೆ ಬಾರ್ಸಿಲೋನಾದಲ್ಲೇ ಇಳಿದೆವು. ಕ್ರೂಸ್ ಆರಿಸಿದ್ದು ಅಮ್ಮನ ಮಂಡಿನೋವಿನಿಂದ. ಊರೂರಿಗೆ ಪೆಟ್ಟಿಗೆ ಎಳೆದುಕೊಂಡು ಹೋಗುವುದು ಅವರಿಗೆ ಆಗುವುದಿಲ್ಲ. ಇಲ್ಲಿ ಒಂದು ಸಲ ಬಟ್ಟೆ ಕಪಾಟಿಗೆ ಹಾಕಿದರೆ ಮುಗಿಯಿತು, ಊರುಗಳೇ ನಮ್ಮ ಹತ್ತಿರ ಬರುತ್ತವೆ.

ಮೊದಲು ವೀಸಾ ವಿಷಯ. ಈ ಎಲ್ಲ ಊರುಗಳೂ ಷೆಂಗೆನ್ ಎಂಬ ಯೂರೋಪಿನ ದೇಶಗಳ ಗುಂಪಿನೊಳಗಿವೆ, ಒಂದೇ ವೀಸಾ ಸಾಕು. ಹಡಗಿಗೆ ಮೊದಲೂ ಆಮೇಲೂ ಬಾರ್ಸಿಲೋನಾದಲ್ಲಿ ಉಳಿದದ್ದರಿಂದ ನಾವು ಸ್ಪೇನ್‌ಗೆ ಅರ್ಜಿ ಹಾಕಿದೆವು. ನಿಮ್ಮ ಹಡಗು ನಡುವೆ ಟ್ಯುನಿಸ್‌ಗೋ ಟರ್ಕಿಗೋ ಹೋಗುವುದಾದರೆ, ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಆಗ ಮಲ್ಟಿಪಲ್ ಎಂಟ್ರಿ ವೀಸಾನೇ ಬೇಕು.

ಹಡಗಿನವರು ಮಾರುವ ಪ್ರವಾಸಗಳನ್ನು ನಾವು ತೆಗೆದುಕೊಳ್ಳಲಿಲ್ಲ. ಅದರಲ್ಲಿ ಒಂದು ದೊಡ್ಡ ಅನುಕೂಲ ಇದೆ: ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತಕ್ಕೆ ಹೋದವರಿಗೆ ಕಾಯುವುದಿಲ್ಲ. ದೂರದ ಊರಿಗೆ ಹೋಗುವವರು ಅದನ್ನೇ ತೆಗೆದುಕೊಳ್ಳಲಿ. ಆದರೆ ಬಂದರಿನ ಊರನ್ನೇ ನೋಡುವವರಿಗೆ ಅದು ಬೇಕಾಗಿಲ್ಲ. ಕ್ರೂಸ್ ಪಟ್ಟಿಯಲ್ಲಿ 'ರೋಮ್' ಅಂತ ಬರೆದಿರುತ್ತದೆ, ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಬಂದರಿನಿಂದ ಸ್ಟೇಷನ್‌ಗೆ ಹೋಗುವ ಸಮಯ ಬೇರೆ. ಒಂದೇ ಹಗಲಿನಲ್ಲಿ ಕೊಲೋಸಿಯಮ್, ವ್ಯಾಟಿಕನ್ ಎರಡಕ್ಕೂ ಓಡಿಬರುವುದು ರೋಮ್‌ಗೆ ಮಾಡುವ ಅನ್ಯಾಯ ಅಂತ ನನ್ನ ಅಭಿಪ್ರಾಯ. ರೋಮ್‌ಗೆ ಬೇರೆಯಾಗಿಯೇ ಹೋಗಬೇಕು. ನಾವು ಆ ದಿನ ಚಿವಿತಾವೆಕ್ಕಿಯಾದಲ್ಲೇ ಉಳಿದು, ಸಮುದ್ರದ ಪಕ್ಕದ ಕೋಟೆ ನೋಡಿ, ಮಧ್ಯಾಹ್ನ ನಿದ್ದೆ ಮಾಡಿದೆವು.

ಉಳಿದ ಊರುಗಳಲ್ಲಿ ನಮ್ಮ ಕ್ರಮ ಒಂದೇ. ಬೆಳಿಗ್ಗೆ ಬಸ್ಸು, ಲಿಫ್ಟು, ಟ್ಯಾಕ್ಸಿ ಏನು ಸಿಗುತ್ತದೋ ಅದರಲ್ಲಿ ಊರಿನ ಎತ್ತರದ ಜಾಗಕ್ಕೆ ಹೋಗಿಬಿಡುವುದು. ಆಮೇಲೆ ನಿಧಾನವಾಗಿ ನಡೆಯುತ್ತಾ ಸಮುದ್ರದ ಕಡೆ ಇಳಿಯುವುದು. ಅಮ್ಮನಿಗೆ ಹತ್ತುವುದು ತಪ್ಪುತ್ತದೆ. ಹಡಗು ಯಾವಾಗಲೂ ಕೆಳಗೇ ಇರುವುದರಿಂದ ದಾರಿಯೂ ತಪ್ಪುವುದಿಲ್ಲ. ಹೊತ್ತು ಹೋದಂತೆ ಹಡಗಿಗೆ ಹತ್ತಿರವಾಗುತ್ತಲೇ ಇರುತ್ತೇವೆ, ಹೀಗಾಗಿ ಗಡಿಯಾರ ನೋಡಿ ಗಾಬರಿಯಾಗುವುದಿಲ್ಲ. ಸಾಮಾನ್ಯವಾಗಿ ಹಡಗು ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು, ಕೆಲವು ಕಡೆ ಒಂದು ಗಂಟೆ ಮೊದಲು. ನಾನು ಅದಕ್ಕಿಂತ ಇನ್ನೂ ಒಂದು ಗಂಟೆ ಮುಂಚೆಯೇ ಬಂದರಿನ ಗೇಟ್ ಹತ್ತಿರ ಇರುತ್ತಿದ್ದೆ.

ಮಾರ್ಸೇಯಲ್ಲಿ ಹಡಗು ನಿಲ್ಲುವುದು ಊರಿನಿಂದ ಬಹಳ ದೂರ, ನಡೆಯುವ ಮಾತೇ ಇಲ್ಲ. ಬಸ್ಸಿನಲ್ಲಿ ಹಳೆ ಬಂದರಿಗೆ ಬಂದು, ಅಲ್ಲಿಂದ 60ನೇ ನಂಬರ್ ಬಸ್ ಹಿಡಿದರೆ ಸೀದಾ ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚ್. ಒಳಗೆ ಚಾವಣಿಯಿಂದ ಪುಟ್ಟ ಪುಟ್ಟ ಹಡಗಿನ ಮಾದರಿಗಳು ನೇತಾಡುತ್ತಿವೆ. ಗೋಡೆ ತುಂಬ ಕಲ್ಲಿನ ಫಲಕಗಳು, ಬಿರುಗಾಳಿಗೆ ಸಿಕ್ಕ ಹಡಗುಗಳ ಚಿತ್ರಗಳು. ಸಮುದ್ರದಲ್ಲಿ ಬದುಕಿ ಬಂದವರು ಒಪ್ಪಿಸಿದ ಹರಕೆಗಳು ಅವು. ಅಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ. "ಮೀನುಗಾರರ ಮನೆಯವರು ಕೊಟ್ಟದ್ದು ಇರಬೇಕು" ಅಂದು ಅಲ್ಲೇ ಬೆಂಚಿನಲ್ಲಿ ತುಂಬಾ ಹೊತ್ತು ಕೂತರು. ಕ್ರಿ.ಪೂ. 600ರ ಸುಮಾರಿಗೆ ಗ್ರೀಕ್ ವ್ಯಾಪಾರಿಗಳು ಕಟ್ಟಿದ ಊರು ಇದು. ಅವರು ಹಡಗು ನಿಲ್ಲಿಸಿದ ಕೊಲ್ಲಿಯೇ ಇವತ್ತಿನ ಹಳೆ ಬಂದರು, ಮೇಲಿನಿಂದ ಪೂರ್ತಿ ಕಾಣಿಸುತ್ತದೆ.

ಇಳಿದು ಬಂದ ಮೇಲೆ ಪಾನಿಸ್ ತಿಂದೆವು. ಕಡಲೆ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಆರಿಸಿ, ಕತ್ತರಿಸಿ, ಎಣ್ಣೆಯಲ್ಲಿ ಕರಿಯುತ್ತಾರೆ. ಅಮ್ಮ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಕಡಲೆ ಹಿಟ್ಟೇ ಅಲ್ವಾ ಮಗಾ?" ಅಂದರು. ಅಲ್ಲಿಂದ ಮುಂದೆ ಪ್ರತಿ ಬಂದರಿನಲ್ಲೂ ಅವರ ಹುಡುಕಾಟ ಅದೇ. ಜೆನೋವಾದಲ್ಲಿ ಅದೇ ಹಿಟ್ಟಿಗೆ ಆಲಿವ್ ಎಣ್ಣೆ, ಉಪ್ಪು, ನೀರು ಸೇರಿಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಸೌದೆ ಒಲೆಯೊಳಗೆ ಬೇಯಿಸಿದ ಫರಿನಾತಾ. ಪಲೆರ್ಮೊದಲ್ಲಿ ತೆಳ್ಳಗೆ ಕರಿದು ಎಳ್ಳಿನ ಬನ್ನಿನೊಳಗೆ ಇಟ್ಟುಕೊಡುವ ಪನೆಲ್ಲೆ. ಸಸ್ಯಾಹಾರಿಗಳು ಯೂರೋಪಿನ ಬಂದರುಗಳಲ್ಲಿ ಬರೀ ಬ್ರೆಡ್, ಹಣ್ಣು ತಿಂದು ಬರಬೇಕಾಗಿಲ್ಲ. ಇವು ಅಲ್ಲಿನ ದುಡಿಯುವ ಜನರ ತಿಂಡಿ, ಅಗ್ಗ, ಹೊಟ್ಟೆ ತುಂಬುತ್ತದೆ. ಮೀನು ಕರಿದ ಎಣ್ಣೆಯಲ್ಲೇ ಕರಿದಿದ್ದಾರಾ ಅಂತ ಮಾತ್ರ ಕೇಳಿ ತೆಗೆದುಕೊಳ್ಳಿ. ಜೆನೋವಾದ ಪೆಸ್ಟೋ ಎಂಬ ಹಸಿರು ಚಟ್ನಿಯಲ್ಲಿ ಹಾಕುವ ಪಾರ್ಮೆಸಾನ್ ಚೀಸ್‌ಗೆ, ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ.

ಜೆನೋವಾದಲ್ಲಿ ಹಡಗಿನಿಂದ ಇಳಿದರೆ ಊರು ಕಾಲಬುಡದಲ್ಲೇ ಇದೆ. ಪೊರ್ತೆಲ್ಲೊ ಚೌಕದ ಹತ್ತಿರ ಗುಡ್ಡದೊಳಗೇ ಕೊರೆದ ಹಳೆಯ ಲಿಫ್ಟ್ ಇದೆ, ಕಾಸ್ತೆಲ್ಲೆತ್ತೊಗೆ ಹೋಗುತ್ತದೆ. ಮೇಲೆ ನಿಂತರೆ ಬೂದು ಕಲ್ಲಿನ ಚಾವಣಿಗಳು, ಅವುಗಳಾಚೆ 1543ರ ಲ್ಯಾಂಟರ್ನಾ ದೀಪಸ್ತಂಭ, ನಮ್ಮ ಹಡಗು. ಕೆಳಗಿಳಿದರೆ ಗರಿಬಾಲ್ಡಿ ಬೀದಿಯ ಅರಮನೆಗಳು, ಅವುಗಳ ಬೆನ್ನಿಗೇ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಓಣಿಗಳು. ಹಗಲಲ್ಲಿ, ಜನ ಇರುವ ಓಣಿಗಳಲ್ಲೇ ನಡೆದೆವು. ಓಣಿ ಮುಗಿಯುವಲ್ಲಿ ಬಂದರಿಗೆ ಮುಖ ಮಾಡಿ 1260ರಲ್ಲಿ ಕಟ್ಟಿದ ಸ್ಯಾನ್ ಜಾರ್ಜಿಯೊ ಅರಮನೆ ನಿಂತಿದೆ. ಮಾರ್ಕೊ ಪೋಲೊನನ್ನು ಸೆರೆ ಇಟ್ಟದ್ದು ಇಲ್ಲೇ ಅಂತ ಹೇಳುತ್ತಾರೆ. ಜೆನೋವಾದ ಸೆರೆಯಲ್ಲಿದ್ದಾಗಲೇ ಅವನು ಜೊತೆಯ ಕೈದಿಗೆ ತನ್ನ ಪ್ರವಾಸದ ಕಥೆ ಹೇಳಿ ಬರೆಸಿದ್ದು.

ಪಲೆರ್ಮೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟ್ಯಾಕ್ಸಿಯಲ್ಲಿ ನಾರ್ಮನ್ ಅರಮನೆಗೆ ಹೋದೆವು. ಅದರೊಳಗಿನ ಕಪ್ಪೆಲ್ಲಾ ಪಲಾತಿನಾ ಎಂಬ ಪ್ರಾರ್ಥನಾ ಮಂದಿರವನ್ನು ಸಿಸಿಲಿಯ ರಾಜ ಎರಡನೇ ರಾಜರ್ 12ನೇ ಶತಮಾನದಲ್ಲಿ ಕಟ್ಟಿಸಿದ. ಗೋಡೆ ತುಂಬ ಬೈಜಾಂಟೈನ್ ಶೈಲಿಯ ಚಿನ್ನದ ಮೊಸಾಯಿಕ್, ಅಂದರೆ ಪುಟ್ಟ ತುಣುಕುಗಳನ್ನು ಜೋಡಿಸಿ ಮಾಡಿದ ಚಿತ್ರಗಳು. ತಲೆ ಎತ್ತಿದರೆ ಮರದ ಚಾವಣಿ, ಅದು ಪೂರ್ತಿ ಅರಬ್ ಕೆಲಸ: ಗೂಡು ಗೂಡಾಗಿ ಕೊರೆದ ಮರ, ಅದರ ಮೇಲೆ ವಾದ್ಯ ನುಡಿಸುವವರು, ಚದುರಂಗ ಆಡುವವರು, ಅರಬ್ಬಿ ಅಕ್ಷರಗಳು. ಕುತ್ತಿಗೆ ನೋಯುವವರೆಗೆ ನೋಡಿದೆ.

ಇದೇ ರಾಜರ್‌ನ ನೌಕಾಪಡೆ 1148ರಲ್ಲಿ ಇಂದಿನ ಟ್ಯುನೀಷಿಯಾದ ಮಹ್ದಿಯಾ ಬಂದರನ್ನು ಹಿಡಿಯಿತು. ಆ ಊರಿನ ಮಗ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಆಗ ಎಲ್ಲಿದ್ದ ಗೊತ್ತಾ? ನಮ್ಮ ಮಂಗಳೂರಿನಲ್ಲಿ! ವರ್ಷಗಟ್ಟಲೆ ಅಲ್ಲಿದ್ದು ಮೆಣಸು, ಕಬ್ಬಿಣ ಇಂದಿನ ಯೆಮನ್‌ನ ಏಡನ್ ಬಂದರಿಗೆ ಕಳಿಸುತ್ತಿದ್ದ. ಬೊಮ್ಮ ಎಂಬ ತುಳುನಾಡಿನ ಆಳು ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಇದನ್ನೆಲ್ಲ ತಿಳಿಸುವ ಅವನ ಪತ್ರಗಳು ಕೈರೋದ ಯಹೂದಿ ಮಂದಿರವೊಂದರಲ್ಲಿ ಸಿಕ್ಕಿವೆ. ಮಹ್ದಿಯಾ ಬಿದ್ದ ಮೇಲೆ ಬೆನ್ ಯಿಜುವಿನ ಒಡಹುಟ್ಟಿದವರು ಎಲ್ಲ ಕಳೆದುಕೊಂಡು ಇದೇ ಸಿಸಿಲಿ ದ್ವೀಪಕ್ಕೆ ಬಂದರು. 1149ರಲ್ಲಿ ಅವನು ಏಡನ್‌ಗೆ ಬಂದು, ಅವರನ್ನು ಹುಡುಕಿ ಪತ್ರ ಬರೆದ. ಮಂಗಳೂರಿನವರಾದ ನಮಗೆ ಪಲೆರ್ಮೊ ಪರಊರು ಅನಿಸದಿರಲು ಇಷ್ಟು ಸಾಕಾಯಿತು. ಕಸ್ಸಾರೊ ಬೀದಿ ಇಳಿಯುತ್ತಾ ಅಮ್ಮನಿಗೆ ಈ ಕಥೆ ಹೇಳಿದೆ. "ಆ ಬೊಮ್ಮ ಆಮೇಲೆ ಏನಾದ?" ಅಂತ ಎರಡು ಸಲ ಕೇಳಿದರು. ಬೀದಿ ಇಳಿದಂತೆ ಎಡಬಲಕ್ಕೆ ಮಾರ್ಕೆಟ್ ಓಣಿಗಳು ತೆರೆದುಕೊಳ್ಳುತ್ತವೆ. ಬಲ್ಲಾರೊದಲ್ಲಿ ಪನೆಲ್ಲೆ ಸಿಕ್ಕಿದ್ದು ಆಗಲೇ.

ಬಾರ್ಸಿಲೋನಾದ ಹಳೆ ಊರು ಸಮತಟ್ಟು, ಲಿಫ್ಟ್ ಬೇಡ. ಎಲ್ಲರೂ ಸಗ್ರಾದಾ ಫಮಿಲಿಯಾ ಚರ್ಚ್ ನೋಡುತ್ತಾರೆ, ನೋಡಲೇಬೇಕು. ಆದರೆ ಬಂದರಿನ ಪಕ್ಕದ ಸಾಂತಾ ಮರಿಯಾ ದೆಲ್ ಮಾರ್ ಚರ್ಚ್ ಬಿಡಬೇಡಿ. 1329ರಲ್ಲಿ ಶುರುವಾದ ಈ ಚರ್ಚ್‌ಗೆ ಬಂದರಿನ ಹಮಾಲರೇ ಮೊಂಜುಯಿಕ್ ಗುಡ್ಡದಿಂದ ಕಲ್ಲು ಹೊತ್ತು ತಂದರು. ದೊಡ್ಡ ಬಾಗಿಲಿನ ಮೇಲೆ ಹೊರೆ ಹೊತ್ತು ಬಾಗಿದ ಅವರ ಪುಟ್ಟ ಆಕೃತಿಗಳಿವೆ. ರಾಜರ ಹೆಸರು ಎಲ್ಲ ಕಡೆ ಕಾಣಿಸುತ್ತದೆ, ಕೂಲಿಯವರನ್ನು ನೆನಪಿಟ್ಟ ಬಾಗಿಲು ಅಪರೂಪ.

ಒಂದು ಸಣ್ಣ ಎಚ್ಚರಿಕೆ: ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ವಂತ ನೆಟ್‌ವರ್ಕ್‌ಗೆ ಅದು ತಾನೇ ಸೇರಿಕೊಂಡರೆ ಬಿಲ್ಲು ವಿಪರೀತ ಬರುತ್ತದೆ, ನಿಮ್ಮ ರೋಮಿಂಗ್ ಪ್ಯಾಕ್ ಅಲ್ಲಿ ನಡೆಯುವುದಿಲ್ಲ.

ವಲೆಟ್ಟಾದಲ್ಲಿ ಬಂದರಿನ ದಂಡೆಯಿಂದ ಊರಿಗೆ 58 ಮೀಟರ್ ಎತ್ತರದ ಬರ್ರಾಕ್ಕಾ ಲಿಫ್ಟ್ ಇದೆ. ಮೇಲಿನ ತೋಟದ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೆ ಫಿರಂಗಿ ಹಾರಿಸುತ್ತಾರೆ, ಹತ್ತು ನಿಮಿಷ ಮೊದಲೇ ಕಟಕಟೆ ಹತ್ತಿರ ಜಾಗ ಹಿಡಿಯಿರಿ. ಅದಕ್ಕೂ ಮುಂಚೆ ಸೇಂಟ್ ಜಾನ್ ಚರ್ಚ್‌ನಲ್ಲಿ ಇಟಲಿಯ ಚಿತ್ರಕಾರ ಕರಾವಾಜ್ಜೊ 1608ರಲ್ಲಿ ಬರೆದ ದೊಡ್ಡ ಚಿತ್ರ ನೋಡಿ ಬನ್ನಿ. ಬಟಾಣಿ ತುಂಬಿದ ಪಸ್ತಿತ್ಸಿ ಎಂಬ ಪದರು ಪದರಾದ ತಿಂಡಿ ಬಿಸಿಬಿಸಿಯಾಗಿ ಸಿಗುತ್ತದೆ, ಕೆಲವರು ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿಕೊಳ್ಳಿ. ಮತ್ತೆ, ಹಡಗು ಬೆಳಿಗ್ಗೆ ಗ್ರ್ಯಾಂಡ್ ಹಾರ್ಬರ್ ಒಳಗೆ ಬರುವಾಗ ಡೆಕ್ ಮೇಲೆಯೇ ಇರಿ. ಎರಡೂ ಕಡೆ ಜೇನು ಬಣ್ಣದ ಕೋಟೆಗಳು ಹತ್ತಿರ ಹತ್ತಿರ ಬರುತ್ತವೆ. ತಿಂಡಿ ಆಮೇಲೂ ಸಿಗುತ್ತದೆ.